ಕೋರೆಹಲ್ಲಿಗೆ ಮುತ್ತು, ಜೋಕಿಗೆ ರಟ್ಟು

ಮೊನ್ನೆ ರಾತ್ರಿ ನೀರು ಕುಡಿಯೋಕೆ ಎದ್ದೋನು ಹಾಲಲ್ಲಿ ಏನೋ ತುಳಿದು ಅಯ್ಯೋ ಅಂದೆ, ಲೈಟ್ ಹಾಕಿ ನೋಡಿದ್ರೆ ಇಪ್ಪತ್ತು ಮುಖದ ದಾಳ. ಅಕ್ಕನ ಮಗಳದ್ದು. ಎದ್ದು ಬಂದೋಳು ನನ್ನ ಕಾಲು ನೋಡ್ಲಿಲ್ಲ, ದಾಳ ನೋಡಿದ್ಳು. "ಒಂದು ಬಿದ್ದಿದೆ ಮಾಮ, ಅದಕ್ಕೇ ಚುಚ್ಚಿದೆ" ಅಂದು ಎತ್ಕೊಂಡು ಹೋದ್ಳು.

ಆ ದಾಳದ ಲೋಕದಿಂದ್ಲೇ ಬಂದಿರೋದು ಈ ಟಸ್ಕ್ ಲವ್, ಅಂದ್ರೆ ಕೋರೆ ಪ್ರೇಮ, ಅನ್ನೋ ಕಾದಂಬರಿ. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ಕ್ರಿಟಿಕಲ್ ರೋಲ್ ಅಂತ ಒಂದು ಇಂಟರ್ನೆಟ್ ಶೋ, ನಟರು ಸುತ್ತ ಕೂತು ದಾಳ ಉರುಳಿಸ್ತಾ ಪಾತ್ರವಾಗಿ ಕಥೆ ಕಟ್ಟೋ ಆಟ ಆಡ್ತಾರೆ. 2018ರಲ್ಲಿ ಶುರುವಾದ ಅದರ ಎರಡನೇ ಕ್ಯಾಂಪೇನಲ್ಲಿ, ಅಂದ್ರೆ ಎರಡನೇ ದೊಡ್ಡ ಕಥೇಲಿ, ಆ ಕಥೆಯೊಳಗಿನ ಪುಸ್ತಕದಂಗಡಿಲಿ ಸಿಗೋ ಒಂದು ಪೋಲಿ ಕಾದಂಬರಿ ಇತ್ತು. ಅಂದ್ರೆ ಇರ್ಲಿಲ್ಲ, ಇದೆ ಅಂತ ಹೇಳಿದ್ರು, ನಕ್ಕಿದ್ರು. ಏಳು ವರ್ಷ ಕಳೆದು 2025ರ ಜುಲೈಯಲ್ಲಿ ಅದೇ ಹೆಸರಲ್ಲಿ ನಿಜವಾದ ಪುಸ್ತಕ, ಥಿಯಾ ಗ್ವಾನ್ಝಾನ್ ಬರೆದದ್ದು, ರ್‍ಯಾಂಡಮ್ ಹೌಸ್‌ನೋರು ಹಾಕಿದ್ದು. ವ್ಯಾಪಾರಿ ಮಗಳು ಗ್ವಿನೆವೆರ್, ಅರ್ಧ ಓರ್ಕ್ (ಕೋರೆಹಲ್ಲಿನ ಅರ್ಧ ರಾಕ್ಷಸ ಅನ್ನಿ) ಆಸ್ಕರ್, ದಾರಿಲಿ ಡಕಾಯ್ತರು. ಮುಂದಿಂದು ನಮ್ಮ ಬೀದಿ ನಾಯಿನೂ ಹೇಳುತ್ತೆ.

ಶೋ ಬಗ್ಗೆ ನನಗೇನೂ ಸಿಟ್ಟಿಲ್ಲ ಕಣ್ರೀ. ನೋಡಿದ್ರೆ ನಮ್ಮ ತಾಳಮದ್ದಳೆ ಥರಾನೇ, ವೇಷ ಇಲ್ಲ ಕುಣಿತ ಇಲ್ಲ, ಸುತ್ತ ಕೂತ್ಕೊಂಡು ಬರೀ ಮಾತು, ಯಾರೂ ಬರೆದುಕೊಟ್ಟಿದ್ದಲ್ಲ, ಅಲ್ಲಲ್ಲೇ ಹುಟ್ಟೋ ಅರ್ಥಗಾರಿಕೆ, ಮೂರು ಮೂರು ನಾಲ್ಕು ನಾಲ್ಕು ಗಂಟೆ. ಭಾಗವತರ ಜಾಗದಲ್ಲಿ ಕಥೆ ನಡೆಸೋ ಮ್ಯಾಥ್ಯೂ ಮರ್ಸರ್, ಚೆಂಡೆ ಜಾಗದಲ್ಲಿ ದಾಳ ಉರುಳೋ ಸದ್ದು. ಆದ್ರೆ ಕೃಷ್ಣ ಸಂಧಾನದಲ್ಲಿ ವಿದುರ ಆಡಿದ ಒಂದು ಹಾಸ್ಯವನ್ನ ಬೆಳಗ್ಗೆ ಎದ್ದು ಯಾರೂ ಕಾದಂಬರಿ ಮಾಡಿ ಮಾರಿಲ್ಲ. ನಕ್ಕು, ಕಾಫಿ ಕುಡಿದು, ಮನೆಗೆ ಹೋಗ್ತಿದ್ರು.

ಆ ಜೋಕಿನ ಮಜಾನೇ ಬೇರೆ ಇತ್ತು. ಪುಸ್ತಕಕ್ಕೆ ಮನಸೋತೋಳು ಜೆಸ್ಟರ್ ಅನ್ನೋ ನೀಲಿ ಮೈ ಹುಡುಗಿ, ಆ ಪಾತ್ರ ಆಡಿದ್ದು ಲಾರಾ ಬೈಲಿ. ಅದೇ ಗುಂಪಲ್ಲಿ ಅರ್ಧ ಓರ್ಕ್ ಫಿಯೋರ್ಡ್ ಆಗಿದ್ದೋರು ಟ್ರಾವಿಸ್ ವಿಲಿಂಗ್‌ಹ್ಯಾಮ್, ನಿಜ ಜೀವನದಲ್ಲಿ ಲಾರಾ ಗಂಡ. ಫಿಯೋರ್ಡ್ ಬೇರೆ ನಾಚಿಕೆಗೆ ತನ್ನ ಕೋರೆಹಲ್ಲನ್ನ ಅರದಿಂದ ಉಜ್ಜಿ ಉಜ್ಜಿ ಸವೆಸಿಕೊಂಡಿದ್ದ ಪಾಪ. ಕೋರೆ ಮುಚ್ಚಿಡೋ ಗಂಡಿನ ಮುಂದೆ ಹೆಣ್ಣೊಬ್ಳು ಕೋರೆ ಪ್ರೇಮದ ಪುಸ್ತಕ ಹಿಡ್ಕೊಂಡು ಓಡಾಡೋದು! ಇದಕ್ಕಿಂತ ಒಳ್ಳೆ ಶೃಂಗಾರ ಮುನ್ನೂರು ಚಿಲ್ಲರೆ ಪುಟದಲ್ಲಿ ಬರುತ್ತಾ?

ಅಂದ್ಹಾಗೆ ಒಂದು ತಾಂತ್ರಿಕ ಪ್ರಶ್ನೆ, ಕೆಳದವಡೆಯಿಂದ ಮೇಲಕ್ಕೆ ಎರಡು ಕೋರೆ ಎದ್ದಿರೋನಿಗೆ ಮುತ್ತು ಕೊಡೋದು ಯಾವ ಕಡೆಯಿಂದ? ನಮ್ಮಮ್ಮ ಈಳಿಗೆಮಣೆ ಮುಂದೆ ಕೂತಾಗ ಇರೋ ಎಚ್ಚರಿಕೆ ಬೇಕಾಗುತ್ತೆ. ಅಕ್ಕನ ಮಗಳನ್ನ ಕೇಳಿದೆ, "ಮಾಮ, ಅದು ಫ್ಯಾಂಟಸಿ" ಅಂದ್ಳು. ಸರಿ ಬಿಡಿ.

ಈಗಿನ ರೊಮ್ಯಾಂಟಸಿ, ಅಂದ್ರೆ ಫ್ಯಾಂಟಸಿ ಬೆರೆಸಿದ ಪ್ರೇಮಕಥೆ, ಮಾರೋ ರೀತಿನೇ ಹೋಟ್ಲು ಬೋರ್ಡಿನ ಹಾಗೆ. ಕಥೆ ಏನು ಅಂತ ಯಾರೂ ಕೇಳಲ್ಲ, ಒಂದೇ ಹಾಸಿಗೆ ಇದ್ಯಾ, ಮೊದಲು ಜಗಳ ಆಮೇಲೆ ಪ್ರೀತಿನಾ, ಖಾರಕ್ಕೆ ಎಷ್ಟು ಮೆಣಸಿನಕಾಯಿ. ಎಷ್ಟೋ ಸಲ ಮುಖಪುಟ ನೋಡಿ ಗುಂಟೂರು ಅಂತ ತಗೊಂಡಿರ್ತೀರಿ, ಒಳಗೆ ಬ್ಯಾಡಗಿ, ಬರೀ ಬಣ್ಣ.

ಬರೆದೋರ ಮೇಲೆ ನನಗೆ ಬೇಜಾರಿಲ್ಲ, ಕೆಲಸ ಕೊಟ್ರು ಮಾಡಿದ್ರು. ಅಭಿಮಾನಿಗಳದ್ದೂ ತಪ್ಪಲ್ಲ, 2019ರಲ್ಲಿ ಶೋನೋರು 22 ನಿಮಿಷದ ಒಂದು ಕಾರ್ಟೂನಿಗೆ ಏಳೂವರೆ ಲಕ್ಷ ಡಾಲರ್ ಕೇಳಿದ್ರೆ 1 ಕೋಟಿ 13 ಲಕ್ಷಕ್ಕೂ ಮೇಲೆ ಸುರಿದ ಜನ ಅವ್ರು. ಸುಸ್ತಾಗೋದು ಬೇರೆದಕ್ಕೆ. ಬರೆಯದೇ ಇದ್ದ ಪುಸ್ತಕ ಅದು, ಅದಕ್ಕೇ ನೋಡಿದ ಒಬ್ಬೊಬ್ರ ತಲೇಲೂ ಒಂದೊಂದು ಟಸ್ಕ್ ಲವ್ ಇತ್ತು, ಬಿಟ್ಟಿ, ಅವರವರ ಯೋಗ್ಯತೆಗೆ ತಕ್ಕಷ್ಟು ಪೋಲಿ. ಈಗ ಇದೇ ಟಸ್ಕ್ ಲವ್, ಇಷ್ಟೇ ಪುಟ, ಇಷ್ಟು ದುಡ್ಡು. ಗೆಳೆಯರು ಕೂತು ನಕ್ಕಿದ್ದಕ್ಕೂ ಬಾರ್‌ಕೋಡ್ ಹಾಕ್ಬೇಕಾ? ಒಂದನ್ನಾದ್ರೂ ಸುಮ್ನೆ ಬಿಡ್ರಪ್ಪ. ನಗೋಕೂ ಹೆದರಿಕೆ ಆಗುತ್ತೆ ಈಗ, ಯಾರು ಕೇಳಿಸ್ಕೊಂಡು ಇದರ ಹಕ್ಕು ನಮ್ದು ಅಂತ ಬರ್ತಾರೋ.

ನಿನ್ನೆ ಪಾರ್ಸಲ್ ಬಂತು. ಮನೇಲಿ ಬೇರೆ ಯಾರೂ ಇರ್ಲಿಲ್ಲ, ಓಟಿಪಿ ನಾನೇ ಹೇಳ್ದೆ. ಹುಡುಗಿ ಸಾಯಂಕಾಲ ಕೂತು ಕಂದು ಕಾಗದದ ಬೈಂಡ್ ಹಾಕಿ ಮೇಲೆ ಸ್ಕೆಚ್ ಪೆನ್ನಲ್ಲಿ ಇಂಜಿನಿಯರಿಂಗ್ ಮ್ಯಾಥ್ಸ್, ಥರ್ಡ್ ಸೆಮ್ ಅಂತ ಬರೆದ್ಳು. ರಾತ್ರಿ ಹನ್ನೊಂದಾದ್ರೂ ಅವಳು ತಲೆ ಎತ್ತದೇ ಓದ್ತಿರೋದು ನೋಡಿ ನಮ್ಮಮ್ಮ ಹಾಲಿಗೆ ಬಾದಾಮಿ ಪುಡಿ ಹಾಕಿ ತಂದಿಟ್ರು.