ಮೂಗಿನ ಸೀಟಿಗೆ ಟವೆಲ್

ಜೂನ್ ಮೊದಲ ವಾರ ಮಗಳನ್ನು ನರ್ಸರಿಗೆ ಸೇರಿಸಿದೆವು. ಸೋಮವಾರ ಅತ್ತಳು. ಮಂಗಳವಾರ ಅತ್ತಳು. ಬುಧವಾರ ಅವಳು ಟಾಟಾ ಮಾಡಿ ಒಳಗೆ ಓಡಿದಳು, ಗೇಟಿನ ಹೊರಗೆ ನಾವು ಅತ್ತೆವು. ಶುಕ್ರವಾರ ಮನೆಗೆ ಬಂದಾಗ ಬ್ಯಾಗಿನಲ್ಲಿ ಬೇರೆ ಯಾರದೋ ವಾಟರ್ ಬಾಟಲ್ ಇತ್ತು, ಮೂಗಿನಲ್ಲಿ ಬೇರೆ ಯಾರದೋ ನೆಗಡಿ.

ಬಾಟಲನ್ನು ಸೋಮವಾರ ವಾಪಸ್ ಕೊಡಬಹುದು. ನೆಗಡಿಯನ್ನು ಯಾರಿಗೆ ಕೊಡುವುದು? ಮಗಳಿಗೆ ಆ ಗೊಂದಲವೇ ಇರಲಿಲ್ಲ. ಅರ್ಧ ಚೀಪಿದ ಬಿಸ್ಕತ್ತನ್ನು ನನ್ನ ಬಾಯಿಯ ಹತ್ತಿರ ಹಿಡಿದು "ಅಪ್ಪಾ, ಆ ಮಾಡು" ಅಂದಳು. ಬಿಸ್ಕತ್ತಿನ ತುದಿ ಒದ್ದೆಯಾಗಿ ಮೆತ್ತಗಾಗಿತ್ತು. ಅದರ ಮೇಲೆ ಗೊಣ್ಣೆಯ ಒಂದು ತೆಳು ಗೆರೆ ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುತ್ತಿತ್ತು. ಬೇಡ ಅನ್ನೋಣ ಅಂದರೆ ಆಗಲೇ ಕೆಳತುಟಿ ಮುಂದೆ ಬಂದಿತ್ತು. ಆ ಮಾಡಿದೆ. ಅದಕ್ಕೇ ಕಾಯುತ್ತಿದ್ದವಳ ಹಾಗೆ ನನ್ನ ತೆರೆದ ಬಾಯಿಗೇ ಸರಿಯಾಗಿ ಒಂದು ಸೀನು ಸೀನಿದಳು. ಅಡುಗೆಮನೆಯಿಂದ ಅಮ್ಮ "ಚಿರಂಜೀವಿ" ಅಂದಳು. ಮಗುವಿಗೆ ಹೇಳಿದ್ದೋ ವೈರಸ್ಸಿಗೋ ಗೊತ್ತಾಗಲಿಲ್ಲ.

ಆ ರಾತ್ರಿ ಮಗುವಿಗೆ ಮೂಗು ಕಟ್ಟಿ ನಿದ್ದೆಯಿಲ್ಲ. ಅವಳನ್ನು ಹೆಗಲಿಗೆ ಹಾಕಿಕೊಂಡು ಹಾಲಿನಲ್ಲಿ ಅಡ್ಡಾಡುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನೆಗಡಿಯ ಬಗ್ಗೆ ಓದಲು ಶುರು ಮಾಡಿದೆ. ರಾತ್ರಿ ಎರಡು ಗಂಟೆಗೆ ಎಲ್ಲ ಅಪ್ಪಂದಿರೂ ವಿಜ್ಞಾನಿಗಳೇ. ಮಾಮೂಲಿ ನೆಗಡಿ ಹೆಚ್ಚಾಗಿ ರೈನೋವೈರಸ್ಸಿನಿಂದ ಬರುತ್ತದೆ. ಘೇಂಡಾಮೃಗಕ್ಕೂ ಇದಕ್ಕೂ ಏನಪ್ಪಾ ಸಂಬಂಧ ಅಂತ ಹುಡುಕಿದರೆ, ಗ್ರೀಕಿನಲ್ಲಿ ರೈನೋ ಅಂದರೆ ಮೂಗಂತೆ. ಇದರಲ್ಲಿ 160ಕ್ಕೂ ಜಾಸ್ತಿ ಬಗೆ. ಒಂದನ್ನು ಗೆದ್ದು ಕೂತರೆ ಅದರ ತಮ್ಮ ಬಾಗಿಲು ತಟ್ಟುತ್ತಾನೆ. ಅದಕ್ಕೇ ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ನೆಗಡಿ ಮಾಮೂಲು. ಒಂದೊಂದಕ್ಕೆ ಹತ್ತು ದಿನ ಹಿಡಿದು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಅಲ್ಲೇ ಸ್ವಲ್ಪ ಕೆಳಗೆ ನನಗೆ ನಿಧಿ ಸಿಕ್ಕಿತು. ಮೂಗಿನಲ್ಲಿ ಒಂದು ವೈರಸ್ ಬಂದು ಕೂತರೆ, ಕೆಲವು ದಿನ ಇನ್ನೊಂದಕ್ಕೆ ಜಾಗ ಸಿಗುವುದು ಕಷ್ಟವಂತೆ! ನಮ್ಮ ಕೆಂಪು ಬಸ್ಸಿನಲ್ಲಿ ಕಿಟಕಿಯಿಂದಲೇ ಸೀಟಿಗೆ ಟವೆಲ್ ಎಸೆಯುತ್ತೇವಲ್ಲ, ಅದೇ ಲೆಕ್ಕ. ಆದರೆ ಇಲ್ಲಿ ಟವೆಲ್ ಹಾಕುವುದು ನಮ್ಮದೇ ಮೈ. ವೈರಸ್ ನುಗ್ಗಿದ ಕೂಡಲೇ ಮೂಗಿನ ಒಳಪೊರೆಯ ಕೋಶಗಳು ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಮನೆಯವರಿಗೆ "ಚಿಲಕ ಹಾಕ್ಕೊಳ್ರೋ" ಅಂತ ಕೂಗುತ್ತವೆ. ಹಿಂದಿನಿಂದ ಬಂದವನಿಗೆ ಬೀದಿಯ ಬಾಗಿಲೆಲ್ಲ ಬಂದ್. ಲಂಡನ್ನಿನಲ್ಲಿ 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅನ್ನುವ ಇಬ್ಬರು ಕೋಳಿಮೊಟ್ಟೆಯ ಪೊರೆಗೆ ಸತ್ತ ಫ್ಲೂ ವೈರಸ್ ಸೋಕಿಸಿ, ಆಮೇಲೆ ಜೀವಂತ ವೈರಸ್ ಬಿಟ್ಟು ನೋಡಿದರು. ಅದು ಬೆಳೆಯಲೇ ಇಲ್ಲ. ಹಾಗೆ ಇಂಟರ್‌ಫೆರಾನ್ ಸಿಕ್ಕಿತು.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಸಂಶೋಧಕರು 2005ರಿಂದ 2013ರವರೆಗಿನ 44 ಸಾವಿರಕ್ಕೂ ಹೆಚ್ಚು ಉಸಿರಾಟದ ಕಾಯಿಲೆಗಳ ಲೆಕ್ಕ ತೆಗೆದರು. ಫ್ಲೂ ಏರಿದಾಗ ರೈನೋ ಇಳಿಯುತ್ತದೆ. 2009ರಲ್ಲಿ ಹಂದಿಜ್ವರ ಬಂದ ವರ್ಷ, ಫ್ರಾನ್ಸ್ ಮತ್ತು ಸ್ವೀಡನ್ನಿನಲ್ಲಿ ಶಾಲೆ ಶುರುವಾಗಿ ಮಕ್ಕಳಿಗೆಲ್ಲ ನೆಗಡಿ ಹರಡಿತು. ಹಂದಿಜ್ವರದ ಅಲೆ ತಡವಾಗಿದ್ದು ಈ ನೆಗಡಿಯಿಂದಲೇ ಇರಬಹುದು ಅಂತ ಅಲ್ಲಿನ ಸಂಶೋಧಕರಿಗೆ ಗುಮಾನಿ ಬಂತು. ಇಷ್ಟು ಓದುವಷ್ಟರಲ್ಲಿ ಮಗಳು ನಿದ್ದೆ ಹೋಗಿದ್ದಳು, ನನ್ನ ಬನಿಯನ್ನಿನ ಹೆಗಲು ಪೂರ್ತಿ ಒದ್ದೆ. ಅದನ್ನು ಹೆಮ್ಮೆಯಿಂದ ನೋಡಿಕೊಂಡೆ. ಗೊಣ್ಣೆ ಅಲ್ಲ ಅದು, ರಕ್ಷಾಕವಚ!

ಬೆಳಿಗ್ಗೆ ಕಾಫಿ ಹೊತ್ತಿಗೆ ಮನೆಯಲ್ಲಿ ಘೋಷಣೆ ಮಾಡಿದೆ. "ಈ ನೆಗಡಿ ಒಳ್ಳೇದೇ. ಇನ್ನು ಫ್ಲೂ ಹತ್ತಿರ ಸುಳಿಯಲ್ಲ."

ಹೆಂಡತಿ ಬ್ಯಾಂಕಿನವಳು. ತಲೆ ಎತ್ತದೇ ಕೇಳಿದಳು, "ಅವಧಿ ಎಷ್ಟುರೀ?"

ಅವಧಿ ನೋಡಿಟ್ಟಿರಲಿಲ್ಲ.

ಗೊತ್ತಾಗಿದ್ದು ಒಂಬತ್ತನೇ ದಿನ. ನೆಗಡಿ ಇಳಿಯಿತು ಅಂದುಕೊಳ್ಳುತ್ತಿದ್ದಂತೆ ಜ್ವರ 102, ಎದೆಯಲ್ಲಿ ಗೊರಗೊರ. ಅಮ್ಮ ದೊಡ್ಡಪತ್ರೆ ಎಲೆ ಬಾಡಿಸುತ್ತಾ "ಹಾಕಿದ ಟವೆಲ್ ಎಲ್ಲಿ ಹೋಯ್ತೋ?" ಅಂದಳು. ಸಂಜೆ ಮಕ್ಕಳ ಡಾಕ್ಟರ ಹತ್ತಿರ ಹೊರಟೆವು.

ಕ್ಲಿನಿಕ್ಕಿನ ಕಾಯುವ ಜಾಗದಲ್ಲಿ ಹನ್ನೆರಡು ಮಕ್ಕಳು, ಇಪ್ಪತ್ತನಾಲ್ಕು ಮೂಗಿನ ಹೊಳ್ಳೆ, ಒಂದು ಹಳದಿ ಪ್ಲಾಸ್ಟಿಕ್ ಲಾರಿ. ಅದಕ್ಕೆ ಮೂರೇ ಚಕ್ರ. ನಾಲ್ಕನೆಯದನ್ನು ಯಾರು ಚೀಪಿ ನುಂಗಿದರೋ ದೇವರೇ ಬಲ್ಲ. ಒಂದು ಮಗು ಅದನ್ನು ನೆಕ್ಕಿ ಕೆಳಗಿಟ್ಟಿತು. ನನ್ನ ಮಗಳು ಕೈ ಚಾಚಿದಳು. ರಾತ್ರಿಯೆಲ್ಲ ಓದಿದ ಅಪ್ಪ ಸುಮ್ನೆ ಕೂರುತ್ತಾನಾ? ಲಾರಿಯನ್ನು ಕಸಿದುಕೊಂಡು, ಜೇಬಿನಿಂದ ಕರ್ಚೀಫು ತೆಗೆದು, ಬಾನೆಟ್ಟಿನಿಂದ ಹಿಂದಿನ ಡಾಲಾದವರೆಗೂ ಚೆನ್ನಾಗಿ ಉಜ್ಜಿ ಕೊಟ್ಟೆ. ಎದುರು ಕೂತಿದ್ದ ತಾಯಿಯೊಬ್ಬರು ನನ್ನನ್ನೇ ನೋಡುತ್ತಿದ್ದರು. ಮೆಚ್ಚುಗೆ ಅಂದುಕೊಂಡೆ. ಆಟೋದಲ್ಲಿ ಬರುವಾಗ ಮಗಳ ಮೂಗನ್ನು ನಾಲ್ಕು ಸಲ ಒರೆಸಿದ್ದು ಅದೇ ಕರ್ಚೀಫಿನಲ್ಲಿ ಅಂತ ಹೆಂಡತಿ ಕಿವಿಯಲ್ಲಿ ಹೇಳಿದಳು. ಅವರು ತಮ್ಮ ಮಗುವನ್ನು ಎತ್ತಿಕೊಂಡು ಕೊನೆಯ ಬೆಂಚಿಗೆ ಹೋದರು.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಪಕ್ಕೆ ಒಳಗೆ ಎಳೆಯುತ್ತಿದೆಯಾ ನೋಡಿ, ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿದರು. ಗಾಬರಿ ಪಡುವಂಥದ್ದೇನಿಲ್ಲ ಅಂದರು. ನಾನು ಟವೆಲ್ ಸಿದ್ಧಾಂತ ಮುಂದಿಟ್ಟೆ. ತಾಳ್ಮೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

"ಓದಿದ್ದು ಸುಳ್ಳಲ್ಲ ಸಾರ್. ಆದ್ರೆ ಅದು ಊರಿಗೆಲ್ಲ ಸೇರಿಸಿ ನೋಡಿದ ಲೆಕ್ಕ, ನಿಮ್ಮ ಮಗೂಗೆ ಬರೆದುಕೊಟ್ಟ ಗ್ಯಾರಂಟಿ ಅಲ್ಲ. ಚಿಕ್ಕ ಮಕ್ಕಳ ಮೂಗು ಪರೀಕ್ಷೆ ಮಾಡಿದ್ರೆ ಎಷ್ಟೋ ಸಲ ಎರಡು ಮೂರು ವೈರಸ್ ಒಟ್ಟಿಗೇ ಸಿಗ್ತವೆ. ಕಾಟ ಕೊಡ್ತಿರೋದು ಯಾವುದು, ಸುಮ್ನೆ ಕೂತಿರೋದು ಯಾವುದು ಅಂತ ಹೇಳೋದೇ ಕಷ್ಟ."

ಅಂದರೆ ಮೂವರ ಸೀಟಿನಲ್ಲಿ ಐದು ಜನ. ಸಾಲದ್ದಕ್ಕೆ 2022ರಲ್ಲಿ ಅದೇ ಗ್ಲಾಸ್ಗೋದವರು ಪ್ರಯೋಗಾಲಯದಲ್ಲಿ ಶ್ವಾಸಕೋಶದ ಕೋಶಗಳಿಗೆ ಫ್ಲೂ ಮತ್ತು ಆರ್‌ಎಸ್‌ವಿ ಎರಡನ್ನೂ ಒಟ್ಟಿಗೆ ಬಿಟ್ಟರೆ, ಎರಡೂ ಅಂಟಿಕೊಂಡ ಬೆರಕೆ ಕಣಗಳು ಹುಟ್ಟಿದವಂತೆ. ಆರ್‌ಎಸ್‌ವಿ ಅಂದರೆ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳನ್ನೂ ಒಮ್ಮೆ ಮಾತಾಡಿಸಿ ಹೋಗುವ ವೈರಸ್. ಮೊದಲು ಸಿಕ್ಕಿದ್ದು 1956ರಲ್ಲಿ, ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ. ಸೀಟಿಗೆ ಜಗಳ ಆಡುತ್ತಾರೆ ಅಂತ ನಾನು ನಂಬಿ ಕೂತರೆ, ಇವರು ಒಂದೇ ಅಂಗಿಯಲ್ಲಿ ಇಬ್ಬರು ತೂರಿಕೊಂಡಿದ್ದಾರೆ.

"ಈ ವರ್ಷದ ಫ್ಲೂ ಲಸಿಕೆ ಹಾಕ್ಸಿದೀರಾ?" ಡಾಕ್ಟರು ಕೇಳಿದರು. ನಾನು ಗೋಡೆಯ ಮೇಲಿನ ಜಿರಾಫೆ ಚಿತ್ರ ನೋಡಿದೆ. ಹೆಂಡತಿ ನನ್ನನ್ನು ನೋಡಿದಳು. "ಟವೆಲ್ ನಂಬ್ಕೊಂಡಿದ್ವಿ ಡಾಕ್ಟ್ರೇ" ಅಂದಳು.

ಜ್ವರ ಇಳಿದ ಮೇಲೆ ಲಸಿಕೆಗೆ ಬನ್ನಿ ಅಂದರು. ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್, ಮೂಗಿಗೆ ಉಪ್ಪುನೀರಿನ ಹನಿ, ಕುಡಿಯಲು ಧಾರಾಳ ನೀರು. ಪಕ್ಕೆ ಎಳೆದರೆ, ಉಸಿರು ಜೋರಾದರೆ, ಏನೂ ಕುಡಿಯದಿದ್ದರೆ ತಕ್ಷಣ ಕರೆತನ್ನಿ. ಕೆಮ್ಮಿನ ಸಿರಪ್ ಬರೆಯಲಿಲ್ಲ. ಫೀಸ್ ಕೊಟ್ಟೂ ಸಿರಪ್ ಇಲ್ಲದೆ ಹೊರಬರುವಾಗ ನನಗೆ ಮದುವೆಮನೆಯಲ್ಲಿ ಊಟ ಮಾಡಿ ತಾಂಬೂಲ ಸಿಗದೆ ಬಂದಂತಾಯಿತು.

ಮಗಳು ನಾಲ್ಕು ದಿನಕ್ಕೆ ಎದ್ದು ಸೋಫಾ ಮೇಲೆ ಕುಣಿದಳು. ಅಷ್ಟರಲ್ಲಿ ನಾನು ಮಲಗಿದ್ದೆ. ನನ್ನ ನಂತರ ಹೆಂಡತಿ, ಅವಳ ನಂತರ ಅಮ್ಮ. ಮಲಗಿದಲ್ಲೇ ಇನ್ನೊಂದು ವಿಷಯ ಓದಿದೆ. ಅಮೆರಿಕದ ಯೂಟಾದಲ್ಲಿ 26 ಮನೆಗಳವರ ಮೂಗನ್ನು ಒಂದು ವರ್ಷ ವಾರವಾರವೂ ಪರೀಕ್ಷಿಸಿದರಂತೆ. ಮಕ್ಕಳಿಲ್ಲದ ಮನೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ವಾರ ವೈರಸ್. ಒಂದು ಮಗುವಿದ್ದರೆ 18 ವಾರ. ಆರು ಮಕ್ಕಳಿದ್ದರೆ 45 ವಾರ. ಇದನ್ನು ಓದಿ ಹೇಳಿದೆ. ಎರಡು ವರ್ಷದಿಂದ "ಎರಡನೇದು ಯಾವಾಗ?" ಅಂತ ಕೇಳುತ್ತಿದ್ದ ಅಮ್ಮ ರಗ್ಗನ್ನು ಮುಖದವರೆಗೂ ಎಳೆದುಕೊಂಡಳು. ಹೆಂಡತಿ, "ಅತ್ತೆ, ಆರರ ಲೆಕ್ಕ ಕೇಳಿಸ್ತಾ?" ಅಂದಳು.

ಸೋಮವಾರ ಮಗಳು ಮತ್ತೆ ನರ್ಸರಿಗೆ ಹೋದಳು. ಮನೆಯಲ್ಲಿ ಮೂವರು ದೊಡ್ಡವರು ಮೂರು ಮೂಲೆಯಲ್ಲಿ ಕೆಮ್ಮುತ್ತಿದ್ದೆವು. ಹನ್ನೊಂದು ಗಂಟೆಗೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಟೀಚರ್ ಮೆಸೇಜ್ ಬಂತು. ಇಬ್ಬರು ಮಕ್ಕಳಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ ಕಾಣಿಸಿದೆ, ದಯವಿಟ್ಟು ಗಮನಿಸಿ.

ಹೆಂಡತಿ ಫೋನನ್ನು ನನ್ನ ಕಡೆ ಚಾಚಿದಳು. "ರೀ, ಇದಕ್ಕೆ ಯಾರ ಟವೆಲ್ ಇದೆ, ಸ್ವಲ್ಪ ಓದಿ ಹೇಳಿ."