ತಲುಪಿದ ಮೇಲಿನ ಹತ್ತು ನಿಮಿಷ

ಕಚೇರಿಗೆ ಸೈಕಲ್ಲಿನಲ್ಲಿ ಹೋಗಲು ಶುರುಮಾಡಿ ಹದಿನಾಲ್ಕು ತಿಂಗಳಾಯಿತು. ಈ ಹದಿನಾಲ್ಕು ತಿಂಗಳಲ್ಲಿ ನಾನು ಬಿದ್ದದ್ದು ಒಂದೇ ಒಂದು ಸಲ. ಅದೂ ಸೈಕಲ್ ನಿಂತಿದ್ದಾಗ, ಕಚೇರಿಯ ಗೇಟಿನ ಎದುರು, ಎಲ್ಲರೂ ಒಳಗೆ ಹೋಗುವ ಹೊತ್ತಿನಲ್ಲಿ. ಬಲಗಾಲಿನ ಶೂ ದಾರ ಪೆಡಲಿಗೆ ಸುತ್ತಿಕೊಂಡಿದೆ ಎಂದು ಗೊತ್ತಾದದ್ದು ಕಾಲೂರಲು ಹೋದಾಗ. ಕಾಲು ಬರಲಿಲ್ಲ. ಸೈಕಲ್ ಬಲಕ್ಕೆ ವಾಲಿತು, ಜೊತೆಗೆ ನಾನೂ ವಾಲಿದೆ. ವೇಗದಲ್ಲಿ ಬೀಳುವವನಿಗೆ ವಿಷಯ ತಿಳಿಯುವಷ್ಟರಲ್ಲಿ ಬಿದ್ದು ಮುಗಿದಿರುತ್ತದೆ. ನಿಂತಲ್ಲೇ ಬೀಳುವವನಿಗೆ ಯಾರ್ಯಾರು ನೋಡುತ್ತಿದ್ದಾರೆ ಎಂದು ಎಣಿಸಲು ಸಮಯ ಸಿಗುತ್ತದೆ. ನಾನು ಎಣಿಸಿದೆ. ಒಂಬತ್ತು ಜನ.

ಓಡುವ ಸೈಕಲ್ ಏಕೆ ಬೀಳುವುದಿಲ್ಲ ಎಂಬುದು ದೊಡ್ಡ ದೊಡ್ಡವರ ತಲೆ ತಿಂದಿರುವ ಪ್ರಶ್ನೆ. ತಿರುಗುವ ಚಕ್ರ ತನ್ನ ದಿಕ್ಕನ್ನು ಸುಲಭವಾಗಿ ಬಿಡದ ಗೈರೋಸ್ಕೋಪ್ ಗುಣ ಕಾರಣ, ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಓರೆ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಹಿಂದಿರುವುದು ಕಾರಣ ಎಂದೆಲ್ಲ ಬಹಳ ಕಾಲ ಹೇಳುತ್ತಿದ್ದರು. 2011ರಲ್ಲಿ ಅಮೆರಿಕ ಮತ್ತು ನೆದರ್‌ಲೆಂಡ್ಸ್‌ನ ಸಂಶೋಧಕರು ಈ ಎರಡೂ ಗುಣಗಳ ಪ್ರಭಾವವನ್ನು ತೆಗೆದುಹಾಕಿ ಒಂದು ವಿಚಿತ್ರ ಸೈಕಲ್ ಕಟ್ಟಿ ತಳ್ಳಿಬಿಟ್ಟರು. ಸವಾರನೇ ಇಲ್ಲದ ಅದು ನೆಟ್ಟಗೆ ಓಡಿತು. ನಿಂತ ಸೈಕಲ್ ಏಕೆ ಬೀಳುತ್ತದೆ ಎಂಬ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಗೇಟಿನ ಕಾವಲುಗಾರರಲ್ಲಿಯೂ ಇರಲಿಲ್ಲ. ನನ್ನನ್ನು ಎತ್ತಿ ನಿಲ್ಲಿಸಿ, ಧೂಳು ಕೊಡವಿ, "ದಾರ ಬಿಗಿಯಾಗಿ ಕಟ್ಟಿಕೊಳ್ಳಬೇಕು ಸಾರ್" ಎಂದರು.

ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತೇನೆ ಎಂದ ತಕ್ಷಣ ಎಲ್ಲರೂ ರಸ್ತೆಯ ಬಗ್ಗೆ ಕೇಳುತ್ತಾರೆ. ಲಾರಿ, ಹೊಂಡ, ನಾಯಿ. ರಸ್ತೆಯಲ್ಲಿ ನನಗೆ ಹೇಳಿಕೊಳ್ಳುವಂಥ ಕಷ್ಟವೇನೂ ಇಲ್ಲ. ನನ್ನ ಕಷ್ಟವೆಲ್ಲ ಶುರುವಾಗುವುದು ಇಳಿದ ಮೇಲೆ. ಸೈಕಲ್ ಸವಾರನನ್ನು ಉದ್ಯೋಗಿಯನ್ನಾಗಿ ಪರಿವರ್ತಿಸಬೇಕಾದ ಆ ಹತ್ತು ನಿಮಿಷ ಇದೆಯಲ್ಲ, ಅದಕ್ಕೆ ಯಾರೂ ಇನ್ನೂ ಒಂದು ಯಂತ್ರ ಕಂಡುಹಿಡಿದಿಲ್ಲ.

ಕಾರ್ಲ್ ಡ್ರೈಸ್ ಎಂಬ ಜರ್ಮನ್ ಮಹಾಶಯ ಎರಡು ಚಕ್ರದ ಮೊದಲ ವಾಹನ ಏರಿ ಮಾನ್‌ಹೈಮ್ ಊರಿನಿಂದ ಹೊರಟದ್ದು 1817ರ ಜೂನ್ 12ರಂದು. ಮರದ ಗಾಡಿ, ಪೆಡಲೂ ಇಲ್ಲ, ಚೈನೂ ಇಲ್ಲ, ನೆಲವನ್ನು ಕಾಲಿನಿಂದ ಒದೆಯುತ್ತಾ ಸಾಗಬೇಕು. ಹೋಗಿ ಬಂದದ್ದು ಸುಮಾರು 14 ಕಿಲೋಮೀಟರು, ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ. ನನ್ನ ಮನೆಯಿಂದ ಕಚೇರಿಗೂ 7 ಕಿಲೋಮೀಟರೇ. ಪೆಡಲು, ಚೈನು, ಗಾಳಿ ತುಂಬಿದ ಟೈರು, 18 ಗೇರು, ಇನ್ನೂರು ವರ್ಷಗಳ ವಿಜ್ಞಾನ ಎಲ್ಲವನ್ನೂ ಕೂಡಿಸಿಕೊಂಡು ನಾನು ಹೋಗಿ ಬರಲು ತೆಗೆದುಕೊಳ್ಳುವ ಸಮಯವೂ ಹೆಚ್ಚುಕಡಿಮೆ ಒಂದು ಗಂಟೆ. ಒಂದೇ ವ್ಯತ್ಯಾಸ: ಅವರು ತಲುಪಿದ ಕಡೆ ಒಂಬತ್ತೂವರೆಗೆ ಮೀಟಿಂಗ್ ಇರಲಿಲ್ಲ.

ಮೊದಲ ದಿನ ನಾನು ಬೆವರಿನ ಕುಟಿಲತೆಯನ್ನು ಅರಿಯದ ಮುಗ್ಧನಾಗಿದ್ದೆ. ದಾರಿಯುದ್ದಕ್ಕೂ ಮೈ ಒಣಗಿಯೇ ಇತ್ತು. "ಇಷ್ಟೇನಾ" ಎಂದುಕೊಂಡು ಸೈಕಲ್ಲಿಗೆ ಬೀಗ ಹಾಕಿ ಲಿಫ್ಟಿನೊಳಗೆ ಕಾಲಿಟ್ಟೆ. ಬಾಗಿಲು ಮುಚ್ಚಿತು, ನಾನು ತೆರೆದುಕೊಂಡೆ. ನೆತ್ತಿಯಿಂದ, ಕಿವಿಯ ಹಿಂದಿನಿಂದ, ಬೆವರುವ ಅಂಗವೆಂದು ನಾನು ಎಂದೂ ಎಣಿಸಿರದ ಮೊಣಕೈಯಿಂದ ಕೂಡ ನೀರು ಇಳಿಯತೊಡಗಿತು. ಲೆಕ್ಕ ಸರಳ. ತುಳಿಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಸೇರುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖ. ಓಡುತ್ತಿರುವಷ್ಟು ಹೊತ್ತು ಗಾಳಿ ಬೀಸಿ ಬೆವರನ್ನು ಹುಟ್ಟಿದಲ್ಲೇ ಒಣಗಿಸುತ್ತದೆ. ನಿಂತ ಕೂಡಲೇ ಬೀಸಣಿಗೆ ನಿಲ್ಲುತ್ತದೆ, ಒಲೆ ಮಾತ್ರ ಆರುವುದಿಲ್ಲ. ಲಿಫ್ಟಿನಲ್ಲಿದ್ದ ಮೂವರು ಸದ್ದಿಲ್ಲದೆ ಒಂದೇ ಮೂಲೆಗೆ ಸರಿದರು. ನಾಲ್ಕನೆಯವರು ನಮ್ಮ ಮೇಲಧಿಕಾರಿ. ಅವರು ಸರಿಯಲಿಲ್ಲ, ಕನಿಕರದಿಂದ ನೋಡಿ, "ಗಾಡಿ ಮಾರಿಬಿಟ್ಟಿರಾ?" ಎಂದು ಕೇಳಿದರು.

ಈ ಕನಿಕರ ಬೆವರಿಗಿಂತ ಅಂಟು. ಆರೋಗ್ಯಕ್ಕಾಗಿ ಎಂದರೆ, ಯಾವ ಕಾಯಿಲೆ ಎನ್ನುತ್ತಾರೆ. ಇಷ್ಟಕ್ಕಾಗಿ ಎಂದರೆ ನಂಬುವುದಿಲ್ಲ. ಕೊನೆಗೆ, ಪರಿಸರಕ್ಕಾಗಿ ಎಂದು ಸುಳ್ಳು ಹೇಳುವುದನ್ನು ರೂಢಿಸಿಕೊಂಡೆ. ಆಗ ಮರು ಪ್ರಶ್ನೆ ಬರುವುದಿಲ್ಲ, ಗೌರವವೂ ಬರುವುದಿಲ್ಲ.

ಬೆವರಿಗೆ ಮದ್ದು, ಬಟ್ಟೆಯನ್ನು ಚೀಲದಲ್ಲಿ ಒಯ್ಯುವುದು. ಅರ್ಧ ಚಡ್ಡಿಯಲ್ಲಿ ತುಳಿದುಕೊಂಡು ಹೋಗಿ, ಬೆವರು ಆರಿದ ಮೇಲೆ ಬದಲಾಯಿಸಿಕೊಂಡರೆ ಆಯಿತು. ಒಂದು ಸೋಮವಾರ ಕಚೇರಿಯ ಬಚ್ಚಲುಕೋಣೆಯಲ್ಲಿ ಚೀಲ ಬಿಚ್ಚಿದೆ. ಇಸ್ತ್ರಿ ಮಾಡಿದ ಅಂಗಿ ಇತ್ತು. ಕಾಲುಚೀಲ, ಕರವಸ್ತ್ರ, ಬಾಚಣಿಗೆ ಇದ್ದವು. ಬೆಲ್ಟು ಅಂದವಾಗಿ ಸುರುಳಿ ಸುತ್ತಿಕೊಂಡು ಕುಳಿತಿತ್ತು. ಬೆಲ್ಟು ಕಟ್ಟಿಕೊಳ್ಳಬೇಕಾದ ಪ್ಯಾಂಟು ಮನೆಯಲ್ಲಿ, ಮರೆಯಬಾರದೆಂದು ಕುರ್ಚಿಯ ಮೇಲೆ ಎದ್ದು ಕಾಣುವಂತೆ ಇಟ್ಟಲ್ಲಿಯೇ ಇತ್ತು. ಹೆಂಡತಿಗೆ ಫೋನು ಮಾಡಿದೆ. "ಕಾಣುತ್ತಾ ಇದೆ, ಇಲ್ಲೇ ಇದೆ, ಚಿಂತೆ ಮಾಡಬೇಡಿ" ಎಂದು ಧೈರ್ಯ ಹೇಳಿದಳು.

ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಹೋಗಿ ಮೇಜಿಗೆ ಎದೆ ತಾಗಿಸಿ ಕುಳಿತೆ. ಸೊಂಟದ ಮೇಲೆ ನನ್ನಷ್ಟು ಶಿಸ್ತಿನ ಮನುಷ್ಯ ಆ ಕೋಣೆಯಲ್ಲಿ ಇರಲಿಲ್ಲ. ಎಲ್ಲರಿಗಿಂತ ಕೊನೆಯಲ್ಲಿ ಏಳುವುದು ನನ್ನ ಯೋಜನೆಯ ಉತ್ತರಾರ್ಧ. ಅರ್ಧ ಗಂಟೆ ಸುಗಮವಾಗಿ ಸಾಗಿತು. ಆಮೇಲೆ ಮೇಲಧಿಕಾರಿಗಳು, "ಇದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಬಂದು ಬೋರ್ಡಿನ ಮೇಲೆ ಬರೆದು ತೋರಿಸಿ" ಎಂದರು.

"ಮಂಡಿ ನೋವು ಸಾರ್, ಏಳಲು ಆಗುತ್ತಿಲ್ಲ" ಎಂದೆ.

"ನೋಡಿ, ಸೈಕಲ್ ತುಳಿದರೆ ಹಾಗೇ ಆಗುವುದು" ಎಂದು ಅವರು ಸಭೆಗೆ ತಿಳಿಸಿದರು. ಸಭೆ ತಲೆಯಾಡಿಸಿತು. ಒಂದು ಪ್ಯಾಂಟಿನ ಮಾನ ಕಾಯಲು ಸೈಕಲ್ ಕುಲದ ಮಾನವನ್ನೇ ಕಳೆದಿದ್ದೆ. ಆ ವಾರ ಪೂರ್ತಿ ಕಚೇರಿಯಲ್ಲಿ ಮಂಡಿಯದೇ ಮಾತು. ಒಬ್ಬರು ಎಣ್ಣೆಯ ಹೆಸರು ಬರೆದುಕೊಟ್ಟರು, ಇನ್ನೊಬ್ಬರು ತಮ್ಮ ಭಾವನ ಹಳೆಯ ಮಂಡಿಪಟ್ಟಿಯನ್ನೇ ತಂದುಕೊಟ್ಟರು. ಇಷ್ಟು ಪ್ರೀತಿ ತೋರಿಸುವವರ ಎದುರು ನೆಟ್ಟಗೆ ನಡೆಯುವುದು ಸಭ್ಯತೆಯಲ್ಲ. ಎರಡು ದಿನ ಎಡಗಾಲು ಕುಂಟಿದೆ. ಮೂರನೆಯ ದಿನ ಯಾವ ಕಾಲೆಂದು ಮರೆತು ಬಲಗಾಲು ಕುಂಟಿದೆ. "ಈಗ ಅದಕ್ಕೂ ಹಬ್ಬಿತೇ?" ಎಂದು ಮಂಡಿಪಟ್ಟಿಯವರು ಮರುಗಿದರು.

ಮಡ್‌ಗಾರ್ಡಿನ ವಿಷಯವನ್ನು ಹೇಳಿಬಿಡುತ್ತೇನೆ. ನನ್ನ ಸೈಕಲ್ಲಿಗೆ ಅದು ಇರಲಿಲ್ಲ, ಇಲ್ಲದಿರುವುದೇ ಅಂದವೆಂದು ನಂಬಿದ್ದೆ. ಶಾಲೆಯಲ್ಲಿ ವೃತ್ತ, ಸ್ಪರ್ಶರೇಖೆ ಎಂದು ಮೇಷ್ಟರು ಬೋರ್ಡಿನ ಮೇಲೆ ಗೀಚುತ್ತಿದ್ದಾಗ, ಇದರಿಂದ ಬದುಕಿನಲ್ಲಿ ಏನುಪಯೋಗ ಎಂದು ಆಕಳಿಸಿದವನು ನಾನು. ತಿರುಗುವ ಚಕ್ರದಿಂದ ಬಿಡಿಸಿಕೊಂಡ ಕೆಸರುಹನಿ ಸ್ಪರ್ಶರೇಖೆಯ ದಿಕ್ಕಿನಲ್ಲೇ ಹಾರುತ್ತದೆ. ಹಿಂದಿನ ಚಕ್ರದ ಹನಿಗಳಿಗೆ ಆ ದಾರಿಯಲ್ಲಿ ಸಿಗುವುದು ಸವಾರನ ಬೆನ್ನು. ಮಳೆ ನಿಂತ ಮರುದಿನ ಬೆಳಿಗ್ಗೆ, ಸೊಂಟದಿಂದ ಕೊರಳಪಟ್ಟಿಯವರೆಗೆ ಅಳೆದು ಹಾಕಿದಂತೆ ಒಂದು ಕಂದು ಪಟ್ಟೆ ಹೊತ್ತು ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಓಡಾಡಿದೆ. ಬೆನ್ನು ಹೊತ್ತವನಿಗೆ ಬೆನ್ನು ಕಾಣುವುದಿಲ್ಲ. ಕಂಡವರು ಅದನ್ನು ಹೊಸ ಮಾದರಿಯ ಅಂಗಿ ಎಂದುಕೊಂಡರಂತೆ. ಮರುದಿನವೇ ಮಡ್‌ಗಾರ್ಡ್ ಹಾಕಿಸಿದೆ. ಅಂದಿನಿಂದ ಎರಡು ತಿಂಗಳು ಒಂದು ಹನಿ ಮಳೆ ಬರಲಿಲ್ಲ.

ಪಂಕ್ಚರ್ ಆಗುವುದು ದಾರಿಯಲ್ಲಿ ಎಂಬುದೂ ತಪ್ಪು ತಿಳಿವಳಿಕೆ. ಅದು ದಾರಿಯಲ್ಲಿ ಚುಚ್ಚಿಸಿಕೊಂಡು, ನಾವು ಒಳಗೆ ಕೆಲಸ ಮಾಡುತ್ತಿರುವಾಗ ಕಚೇರಿಯ ಸೈಕಲ್ ನಿಲ್ದಾಣದಲ್ಲಿ ಉಸಿರು ಬಿಡುತ್ತದೆ. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ನಾನೇ ತೇಪೆ ಹಾಕಲು ಕುಳಿತೆ. ಬಚ್ಚಲುಕೋಣೆಯ ಬಕೆಟ್ಟಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕುತ್ತಿದ್ದಾಗ ಲೆಕ್ಕಪತ್ರ ವಿಭಾಗದವರೊಬ್ಬರು ಬಾಗಿಲು ತೆರೆದರು. ತೋಳು ಮಡಚಿಕೊಂಡು ಕಪ್ಪಗಿನ, ನುಣುಪಾದ, ಬಳುಕುವ ಏನನ್ನೋ ನೀರಿನಲ್ಲಿ ಅದುಮಿ ಹಿಡಿದವನನ್ನು ನೋಡಿ ಅವರು ಒಂದು ಮಾತೂ ಆಡದೆ ಬಾಗಿಲು ಮುಚ್ಚಿಕೊಂಡು ಹೋದರು.

ತೂತು ಸಿಕ್ಕಿತು. ಉಜ್ಜಿದೆ, ಸೊಲ್ಯೂಶನ್ ಹಚ್ಚಿದೆ. ಅದು ಒಣಗಿ ಅಂಟಂಟಾಗುವವರೆಗೆ ಕಾದು ತೇಪೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಕೂರುವುದಿಲ್ಲ. ಇದು ನನಗೆ ಗೊತ್ತಿತ್ತು, ಕಾದೆ. ಇನ್ನೊಂದು ನಿಯಮವೂ ಇದೆ: ಟ್ಯೂಬು ಒಳಗೆ ಹಾಕುವ ಮೊದಲು ಟೈರಿನೊಳಗೆ ಬೆರಳಾಡಿಸಿ ಚುಚ್ಚಿದ ಮುಳ್ಳನ್ನು ತೆಗೆಯಬೇಕು. ಇದು ಗೊತ್ತಾದದ್ದು ಎರಡನೆಯ ತೇಪೆ ಹಾಕುವಾಗ. ಅಷ್ಟರಲ್ಲಿ ಹೊರಗಿನಿಂದ ಅತಿಥಿಗಳು ಬಂದಿದ್ದರು. ಮಸಿ ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಎಡಗೈಯಲ್ಲಿ ಕೈ ಕುಲುಕಲು ಹೋದೆ, ಅದು ಇನ್ನಷ್ಟು ಕಪ್ಪಾಗಿತ್ತು. ಕೈ ಮುಗಿಯಬಹುದಿತ್ತು ಎಂದು ಹೊಳೆದದ್ದು ಸಂಜೆ, ಎದುರುಗಾಳಿಯಲ್ಲಿ ತುಳಿಯುವಾಗ.

ಎದುರುಗಾಳಿಯಲ್ಲಿ ಮನುಷ್ಯನಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್ 19ರಂದು ತಾವೇ ತಯಾರಿಸಿದ್ದ, ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ವಸ್ತುವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ತಲೆ ತಿರುಗಿ, ಸಹಾಯಕಿಯ ಜೊತೆಗೆ ಪ್ರಯೋಗಾಲಯದಿಂದ ಮನೆಗೆ ಸೈಕಲ್ ತುಳಿದರು. ಯುದ್ಧಕಾಲ, ಕಾರು ಸಿಗುತ್ತಿರಲಿಲ್ಲ. ಕೆಲಸದಿಂದ ಮನೆಗೆ ಸೈಕಲ್ಲಿನಲ್ಲಿ ಹೋದ ಉದ್ಯೋಗಿಗಳಲ್ಲಿ ಇಷ್ಟು ಪ್ರಸಿದ್ಧರಾದವರು ಬೇರೊಬ್ಬರು ಇರಲಾರರು. ಎಷ್ಟು ತುಳಿದರೂ ಇದ್ದಲ್ಲೇ ಇದ್ದಂತೆ ಅವರಿಗೆ ಅನ್ನಿಸಿತಂತೆ. ನಿಜವಾಗಿ ಜೋರಾಗಿಯೇ ಹೋಗುತ್ತಿದ್ದೆವು ಎಂದು ಸಹಾಯಕಿ ಆಮೇಲೆ ತಿಳಿಸಿದರಂತೆ. ನನಗೆ ಏನನ್ನೂ ಸೇವಿಸದೆಯೇ ವಾರಕ್ಕೆ ಎರಡು ಸಲ ಹಾಗನ್ನಿಸುತ್ತದೆ. ವ್ಯತ್ಯಾಸವೆಂದರೆ, ನಾನು ನಿಜವಾಗಿಯೂ ಇದ್ದಲ್ಲೇ ಇರುತ್ತೇನೆ.

ಕಳೆದ ವಾರ ಹಿಂದಿನ ಚಕ್ರದ ಕಡ್ಡಿಗಳು ಮುರಿದು ಸೈಕಲ್ ರಿಪೇರಿಗೆ ಹೋಯಿತು. ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹತ್ತು ನಿಮಿಷ ಮುಂಚಿತವಾಗಿ, ಗರಿಗರಿ ಅಂಗಿಯಲ್ಲಿ, ಬಾಚಿದ ತಲೆಯಲ್ಲಿ, ಬೆಲ್ಟು ಮತ್ತು ಪ್ಯಾಂಟು ಎರಡೂ ಒಟ್ಟಿಗೆ ಇರುವ ಸ್ಥಿತಿಯಲ್ಲಿ ಗೇಟಿಗೆ ಬಂದೆ. ಕಾವಲುಗಾರರು ಕೈ ಅಡ್ಡ ಹಿಡಿದರು.

"ಯಾರನ್ನು ನೋಡಬೇಕಾಗಿತ್ತು ಸಾರ್?"

ಗುರುತಿನ ಚೀಟಿ ತೆಗೆದು ತೋರಿಸಿದೆ. ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಚೀಟಿಯನ್ನು ನೋಡಿದರು.

"ಅಯ್ಯೋ ನೀವಾ ಸಾರ್! ಒಣಗಿದ್ದೀರಲ್ಲ, ಗುರುತೇ ಸಿಗಲಿಲ್ಲ."