ಸತ್ಯಾಂಶ: ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆಯೇ?

"ಮಾರ್ಫಿನ್ ಶುರು ಮಾಡಿದರೆ ರೋಗಿ ಬೇಗ ಸಾಯುತ್ತಾರೆ, ಉಪಶಾಮಕ ಆರೈಕೆ ಅಂದರೆ ಚಿಕಿತ್ಸೆ ಕೈಬಿಟ್ಟ ಹಾಗೆ" ಎಂಬ ಮೆಸೇಜ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಎರಡೂ ತಪ್ಪು. ಮಾರ್ಫಿನ್ ಅಂದರೆ ತೀವ್ರ ನೋವಿಗೆ ಕೊಡುವ ಔಷಧಿ; ಉಪಶಾಮಕ ಆರೈಕೆ ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ.

ವೈದ್ಯರು ಕಡಿಮೆ ಡೋಸ್‌ನಿಂದ ಶುರು ಮಾಡಿ, ನೋವು ನೋಡಿಕೊಂಡು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಹೀಗೆ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಮೊದಲ ಕೆಲವು ದಿನ ಮಂಪರು ಇರಬಹುದು. ಮಲಬದ್ಧತೆ ಜಾಸ್ತಿ ಕಾಡುತ್ತದೆ, ಅದಕ್ಕೇ ಜೊತೆಗೆ ಬೇರೆ ಔಷಧಿ ಬರೆದುಕೊಡುತ್ತಾರೆ. ರಾತ್ರಿಯಿಡೀ ನರಳುತ್ತಿದ್ದವರು ಮಗ್ಗುಲು ಬದಲಿಸಿ ನಿದ್ದೆ ಮಾಡುವಂತಾದರೆ ಅದು ಸಣ್ಣ ವಿಷಯವಲ್ಲ ಅಲ್ವಾ?

ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೆಯುವಾಗಲೇ ಉಪಶಾಮಕ ಆರೈಕೆಯನ್ನೂ ಪಡೆಯಬಹುದು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದವರ ಪೈಕಿ ಮೊದಲಿಂದಲೇ ಇದನ್ನು ಪಡೆದವರು ಉಳಿದವರಿಗಿಂತ ಎರಡು ತಿಂಗಳಿಗೂ ಜಾಸ್ತಿ ಬದುಕಿದ್ದರು. ನೋವು ತಡೆಯಲಾಗದ ತನಕ ಸುಮ್ನೆ ಕಾಯಬೇಡಿ. ಈಗಲೇ ವೈದ್ಯರನ್ನು ಕೇಳಿ.